ಕೆಲಸದ ಜಾಕೆಟ್‌ನ ಬೆನ್ನಿಗೆ ದೊಡ್ಡ ಅಕ್ಷರ: ಒಗೆದರೂ ಉಜ್ಜಿದರೂ ಉಳಿಯುವ ಕಸೂತಿ ಹೇಗೆ?

ಪ್ರಶ್ನೆ: ನಾನು ಸಣ್ಣ ಎಂಬ್ರಾಯ್ಡರಿ ಘಟಕ ನಡೆಸುತ್ತೇನೆ. ಇರುವುದು ಒಂದು ಸಲಕ್ಕೆ ಒಂದೇ ಬಟ್ಟೆ ಹೊಲಿಯುವ, ಒಂದೇ ಹೆಡ್‌ನ ಮೆಷಿನ್. ಶರ್ಟು, ಟೋಪಿ, ಸಮವಸ್ತ್ರಗಳ ಲೋಗೊ ಹೊಲಿದು ಅಭ್ಯಾಸವಿದೆ. ಈಚೆಗೆ ಒಂದು ನಿರ್ವಹಣಾ ತಂಡದ 40 ಜಾಕೆಟ್‌ಗಳ ಆರ್ಡರ್ ಬಂತು. ದಪ್ಪ ಹತ್ತಿಯ ಕ್ಯಾನ್ವಾಸ್, ಒಳಗೆ ಕ್ವಿಲ್ಟ್ ಮಾಡಿದ ಲೈನಿಂಗ್. ಬೆನ್ನಿನ ಮೇಲೆ 7 ಸೆಂ.ಮೀ. ಎತ್ತರದ ಅಕ್ಷರಗಳು ಬೇಕು. ಎದೆಯ ಲೋಗೊಗೆ ಮಾಡಿಸಿದ್ದ ಫೈಲನ್ನೇ ಸಾಫ್ಟ್‌ವೇರ್‌ನಲ್ಲಿ ಮೂರು ಪಟ್ಟು ಹಿಗ್ಗಿಸಿ ಹೊಲಿದೆ. ಹೊಲಿದಾಗ ಹೊಳೆಹೊಳೆದು ಚೆನ್ನಾಗಿತ್ತು. ನಾಲ್ಕೈದು ಸಲ ಒಗೆದ ಮೇಲೆ ದಾರ ಕುಣಿಕೆ ಕುಣಿಕೆಯಾಗಿ ಎದ್ದಿದೆ, ಅಕ್ಷರಗಳ ಸುತ್ತ ಬಟ್ಟೆ ಮುದುಡಿದೆ, ಅಂಚಿನಲ್ಲಿ ಅಲ್ಲಲ್ಲಿ ಕ್ಯಾನ್ವಾಸ್ ಇಣುಕುತ್ತಿದೆ. ದಪ್ಪ ಬಟ್ಟೆಗೆ ಇನ್ನಷ್ಟು ದಟ್ಟ ಹೊಲಿಗೆ ಬೇಕೇನೋ ಎಂದು ಡೆನ್ಸಿಟಿ ಏರಿಸಿದೆ. ಸೂಜಿಗಳು ಮುರಿಯತೊಡಗಿದವು, ಒಂದು ಜಾಕೆಟ್ ಅಕ್ಷರದ ಅಂಚಿಗೆ ಸರಿಯಾಗಿ ಹರಿದೇಹೋಯಿತು. ದಾರ ಕಳಪೆಯೇ? ದೊಡ್ಡ ಮೆಷಿನ್ ಬೇಕೇ? ಕಸೂತಿ ಬಿಟ್ಟು ಅಪ್ಲಿಕ್, ಅಂದರೆ ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರ ಹೊಲಿಯುವುದನ್ನು, ಮಾಡಲೇ? ಮುಗಿದಿರುವ 12 ಜಾಕೆಟ್‌ಗಳನ್ನು ಉಳಿಸಿಕೊಳ್ಳುವ ದಾರಿ ಇದೆಯೇ?

ಉತ್ತರ: ನೀವು ಹೇಳಿರುವ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ದಾರ ಏಳುವುದಕ್ಕೆ ಕಾರಣ ಹೊಲಿಗೆಯ ಉದ್ದ. ಬಟ್ಟೆ ಮುದುಡುವುದಕ್ಕೆ ಕಾರಣ ಕ್ಯಾನ್ವಾಸ್ ಕುಗ್ಗಿದ್ದು ಮತ್ತು ಕೆಳಗಿನ ಆಧಾರ ಸಾಲದೆ ಹೋದದ್ದು. ಅಂಚಿಗೆ ಹರಿದದ್ದು ನೀವು ಏರಿಸಿದ ಡೆನ್ಸಿಟಿಯಿಂದ. ದಾರವನ್ನೂ ಮೆಷಿನ್ನನ್ನೂ ಸದ್ಯಕ್ಕೆ ದೂರುವುದು ಬೇಡ. ಒಂದೇ ಹೆಡ್‌ನ ಮೆಷಿನ್‌ನಲ್ಲಿ ಈ ಕೆಲಸ ಸರಿಯಾಗಿ ಆಗುತ್ತದೆ, ಹೆಚ್ಚು ಹೊತ್ತು ಹಿಡಿಯುತ್ತದೆ ಅಷ್ಟೆ.

ಮೊದಲು ಹಿಗ್ಗಿಸಿದ ಫೈಲನ್ನು ನೋಡೋಣ. ಎದೆಯ ಲೋಗೊದ ಅಕ್ಷರಗಳನ್ನು ಸಾಮಾನ್ಯವಾಗಿ ಸ್ಯಾಟಿನ್ ಹೊಲಿಗೆಯಲ್ಲಿ ಪಂಚ್ ಮಾಡಿರುತ್ತಾರೆ, ಅಂದರೆ ಮೆಷಿನ್ ಓದುವ ಹೊಲಿಗೆ ಫೈಲ್ ಮಾಡಿರುತ್ತಾರೆ. ದಾರ ಅಕ್ಷರದ ಗೆರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ನೆಗೆತಕ್ಕೆ ಹಾಯುತ್ತದೆ. ಗೆರೆ 4 ಮಿ.ಮೀ. ಅಗಲವಿದ್ದಾಗ ಇದಕ್ಕಿಂತ ಚೆಂದದ, ಗಟ್ಟಿಯಾದ ಹೊಲಿಗೆ ಇಲ್ಲ. ಅದನ್ನೇ ಮೂರು ಪಟ್ಟು ಮಾಡಿದರೆ ದಾರ 12 ಮಿ.ಮೀ. ಉದ್ದಕ್ಕೆ ಎಲ್ಲಿಯೂ ಬಟ್ಟೆಯನ್ನು ಹಿಡಿಯದೆ ಮೇಲೇ ತೇಲುತ್ತದೆ. ಗೋಡೆಗೆ ಒರಗಿದಾಗ, ವಾಹನದ ಸೀಟಿಗೆ ಉಜ್ಜಿದಾಗ, ವಾಷಿಂಗ್ ಮೆಷಿನ್‌ನಲ್ಲಿ ಇನ್ನೊಂದು ಜಾಕೆಟ್‌ನ ಜಿಪ್‌ಗೆ ತಾಗಿದಾಗ ಆ ತೇಲುವ ದಾರ ಸಿಕ್ಕಿಕೊಂಡು ಕುಣಿಕೆಯಾಗುತ್ತದೆ. ಇಲ್ಲಿ ಇನ್ನೂ ಒಂದು ಮಿತಿ ಇದೆ. ಬಹುತೇಕ ಮೆಷಿನ್‌ಗಳು ಓದುವ ಡಿಎಸ್‌ಟಿ ಫೈಲ್‌ನಲ್ಲಿ ಒಂದು ಹೊಲಿಗೆ ಯಾವುದೇ ಒಂದು ದಿಕ್ಕಿನಲ್ಲಿ 12.1 ಮಿ.ಮೀ. ದಾಟುವಂತಿಲ್ಲ. ನಿಮ್ಮದು ಆ ಗಡಿಯ ಮೇಲೆಯೇ ಕೂತಿದೆ. ಸಿದ್ಧ ಸ್ಟಿಚ್ ಫೈಲನ್ನು ಶೇಕಡಾ 10ರಷ್ಟು ಹಿಗ್ಗಿಸಬಹುದು, ಹೆಚ್ಚೆಂದರೆ 20. ಅದಕ್ಕಿಂತ ದೊಡ್ಡದು ಬೇಕಾದರೆ ಆ ಅಳತೆಗೆ ಹೊಸದಾಗಿಯೇ ಪಂಚ್ ಮಾಡಿಸಬೇಕು. ಸಾಫ್ಟ್‌ವೇರ್ ತಾನಾಗಿ ಡೆನ್ಸಿಟಿ ಸರಿಪಡಿಸಿದರೂ ಹೊಲಿಗೆಯ ಜಾತಿ ಬದಲಾಗುವುದಿಲ್ಲ, ತೊಂದರೆ ಇರುವುದು ಆ ಜಾತಿಯಲ್ಲಿ.

ಕೆಲಸದ ಬಟ್ಟೆಗೆ ನಾನು ಇಟ್ಟುಕೊಂಡಿರುವ ಗಡಿ 7 ಮಿ.ಮೀ. ಗೆರೆ ಅಷ್ಟರೊಳಗಿದ್ದರೆ ಸ್ಯಾಟಿನ್. ಅದನ್ನು ದಾಟಿದರೆ ನಡುವೆ ಅಲ್ಲಲ್ಲಿ ಸೂಜಿ ಇಳಿಸುವ ಸ್ಪ್ಲಿಟ್ ಸ್ಯಾಟಿನ್. 10 ಮಿ.ಮೀ. ದಾಟಿತೆಂದರೆ ಸ್ಯಾಟಿನ್‌ನ ಹೊಳಪನ್ನು ಮರೆತು ಫಿಲ್ ಹೊಲಿಗೆಗೆ, ಅಂದರೆ ಟಾಟಾಮಿಗೆ ಹೋಗುವುದು. ಫಿಲ್‌ನಲ್ಲಿ ಒಂದೊಂದು ಹೊಲಿಗೆಯೂ 3.5ರಿಂದ 4 ಮಿ.ಮೀ. ಮಾತ್ರ. ಪ್ರತಿ ಸಾಲಿನಲ್ಲೂ ಸೂಜಿ ಬೀಳುವ ಜಾಗ ಸ್ವಲ್ಪ ಸರಿದಿರುತ್ತದೆ. ಎಲ್ಲೋ ಒಂದು ಕಡೆ ದಾರ ಕಡಿದರೂ ಅಕ್ಕಪಕ್ಕದ್ದು ಬಿಚ್ಚಿಕೊಳ್ಳುವುದಿಲ್ಲ. 7 ಸೆಂ.ಮೀ. ಎತ್ತರದ ದಪ್ಪ ಅಕ್ಷರದ ಗೆರೆ 12 ಮಿ.ಮೀ. ಆಸುಪಾಸಿನಲ್ಲಿ ಇರುವುದರಿಂದ ನಿಮ್ಮ ಜಾಕೆಟ್‌ಗೆ ಫಿಲ್ ಬಿಟ್ಟು ಬೇರೆ ಕಸೂತಿ ಇಲ್ಲ.

ಇನ್ನು ಡೆನ್ಸಿಟಿ. ಹೆಚ್ಚು ದಾರ ತುಂಬಿದಷ್ಟೂ ಗಟ್ಟಿ ಎಂಬುದು ಈ ಕಸುಬಿನಲ್ಲಿ ಎಲ್ಲೆಡೆ ಹರಡಿರುವ ತಪ್ಪು ನಂಬಿಕೆ. ಸೂಜಿಯ ನಂಬರನ್ನು ನೋಡಿ: 90/14 ಎಂದರೆ ಸೂಜಿಯ ದಪ್ಪ 0.9 ಮಿ.ಮೀ. ಸಾಮಾನ್ಯ 40 ನಂಬರಿನ ದಾರಕ್ಕೆ ಹೊಲಿಗೆಗಳ ನಡುವಿನ ಅಂತರ 0.4 ಮಿ.ಮೀ. ಅಂದರೆ ಸ್ಯಾಟಿನ್‌ನ ಅಂಚಿನಲ್ಲಿ ಸೂಜಿ ತನ್ನ ದಪ್ಪದ ಅರ್ಧಕ್ಕಿಂತ ಕಡಿಮೆ ಅಂತರದಲ್ಲಿ ಮತ್ತೆ ಮತ್ತೆ ಇಳಿಯುತ್ತಿದೆ. ಬಟ್ಟೆಯ ನೂಲುಗಳು ಪಕ್ಕಕ್ಕೆ ಸರಿದು ಜಾಗ ಕೊಡುವುದರಿಂದ ಮಾತ್ರ ಅದು ತಾಳಿಕೊಳ್ಳುತ್ತದೆ. ಬಿಗಿಯಾಗಿ ನೇಯ್ದ ಕ್ಯಾನ್ವಾಸ್‌ನಲ್ಲಿ ನೂಲು ಸರಿಯಲು ಜಾಗ ಕಡಿಮೆ. ಅಂತರವನ್ನು 0.3ಕ್ಕೆ ಇಳಿಸಿದರೆ ಸೂಜಿ ನೂಲನ್ನೇ ಕಡಿಯುತ್ತ ಹೋಗುತ್ತದೆ. ಅಂಚೆಚೀಟಿಯ ಹಾಳೆಯಲ್ಲಿ ಹರಿಯಲೆಂದೇ ಸಾಲಾಗಿ ತೂತು ಹೊಡೆದಿರುತ್ತಾರಲ್ಲ, ಅಕ್ಷರದ ಅಂಚಿನಲ್ಲಿ ಆಗಿರುವುದು ಅದೇ. ಸೂಜಿ ಮುರಿದದ್ದಕ್ಕೂ ಇದೇ ಕಾರಣ. ಈಗಾಗಲೇ ದಾರ ಗಿಡಿದ ಜಾಗಕ್ಕೆ ಇಳಿಯುವಾಗ ಸೂಜಿ ಬಾಗುತ್ತದೆ, ಬಾಗಿದ ಸೂಜಿ ಕೆಳಗಿನ ಲೋಹದ ತಟ್ಟೆಗೆ ಬಡಿಯುತ್ತದೆ.

ಬಟ್ಟೆ ಇಣುಕುತ್ತಿದೆ ಎಂಬ ದೂರಿಗೆ ಉತ್ತರ ಕೆಳಪದರದಲ್ಲಿದೆ. ಮೇಲಿನ ಹೊಲಿಗೆ ಬೀಳುವ ಮುನ್ನ ಹಾಕುವ ಅಂಡರ್‌ಲೇ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲದಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ದೊಡ್ಡ ಅಕ್ಷರ ಬಾಳುವುದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಅಂಡರ್‌ಲೇ ಮೂರು ಕೆಲಸ ಮಾಡುತ್ತದೆ. ಬಟ್ಟೆಯನ್ನು ಅದರ ಹಿಂಬದಿಗೆ ಆಧಾರವಾಗಿ ಇಡುವ ಹಾಳೆಗೆ, ಅಂದರೆ ಬ್ಯಾಕಿಂಗ್‌ಗೆ ಕಟ್ಟಿಹಾಕುತ್ತದೆ. ಮೇಲಿನ ದಾರ ಕ್ಯಾನ್ವಾಸ್‌ನ ನೇಯ್ಗೆಯ ಸಂದಿಗೆ ಇಳಿಯದಂತೆ ಎತ್ತಿ ಹಿಡಿಯುತ್ತದೆ. ಬಟ್ಟೆಯ ಬಣ್ಣವನ್ನು ಅರ್ಧ ಮುಚ್ಚಿಬಿಡುತ್ತದೆ, ಹಾಗಾಗಿ ಮೇಲಿನ ಪದರ ಅಷ್ಟು ದಟ್ಟವಾಗಿ ಇರಬೇಕಾಗಿಲ್ಲ. ನಿಮ್ಮ ಅಕ್ಷರಕ್ಕೆ ಮೊದಲು ಅಂಚಿನಿಂದ 0.6ರಿಂದ 0.8 ಮಿ.ಮೀ. ಒಳಗೆ ಒಂದು ಸುತ್ತು ರನ್ನಿಂಗ್ ಹೊಲಿಗೆ ಹಾಕಿಸಿ. ಆಮೇಲೆ ಮೇಲಿನ ಫಿಲ್‌ನ ದಿಕ್ಕಿಗೆ ಅಡ್ಡಲಾಗಿ ವಿರಳವಾದ ಫಿಲ್. ಗಾಢ ಬಟ್ಟೆಯ ಮೇಲೆ ಬಿಳಿ ಅಥವಾ ಹಳದಿ ಅಕ್ಷರವಾದರೆ ಅಂಥ ಎರಡು ಪದರ, ಒಂದನ್ನೊಂದು ಅಡ್ಡಹಾಯುವಂತೆ. ಅದರ ಮೇಲೆ 0.4ರಿಂದ 0.45 ಮಿ.ಮೀ. ಅಂತರದ ಮೇಲ್ಪದರ ಸಾಕು. ಹೊಲಿಗೆ ತನ್ನ ದಿಕ್ಕಿನಲ್ಲಿ ಬಟ್ಟೆಯನ್ನು ಎಳೆದುಕೊಳ್ಳುವುದರಿಂದ ಗೆರೆಯ ಅಗಲ ಕಿರಿದಾಗುತ್ತದೆ. ಅದನ್ನು ತುಂಬಿಕೊಳ್ಳಲು ಪುಲ್ ಕಾಂಪನ್ಸೇಷನ್ 0.3ರಿಂದ 0.4 ಮಿ.ಮೀ. ಇಡಿಸಿ.

ಫಿಲ್‌ನ ಅಂಚು ಸ್ವಲ್ಪ ಗರಗಸದಂತೆ ಕಾಣುವುದು ನಿಜ. ಅದನ್ನು ಮುಚ್ಚಲು ಸುತ್ತ ಸ್ಯಾಟಿನ್ ಬಾರ್ಡರ್ ಹಾಕಿಸುವ ವಾಡಿಕೆ ಇದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಬಣ್ಣದ ಅಕ್ಷರಕ್ಕೆ ಅದು ಬೇಡ. ನಾಲ್ಕಡಿ ದೂರದಿಂದ ಆ ಗರಗಸ ಕಣ್ಣಿಗೇ ಬೀಳದು, ಬಾರ್ಡರ್ ಮಾತ್ರ ಅದೇ ಅಂಚಿನಲ್ಲಿ ಇನ್ನೊಂದು ಸಾಲು ತೂತು ಹೊಡೆಯುತ್ತದೆ. ಗ್ರಾಹಕರಿಗೆ ಎರಡನೇ ಬಣ್ಣದ ಬಾರ್ಡರ್ ಬೇಕೇ ಬೇಕೆಂದರೆ ಒಂದೊಂದು ಅಕ್ಷರದ ಫಿಲ್ ಮುಗಿದ ಕೂಡಲೇ ಅದರ ಬಾರ್ಡರ್ ಬರುವಂತೆ ಕ್ರಮ ಹಾಕಿಸಿ. ಎಲ್ಲ ಫಿಲ್ ಮುಗಿಸಿ ಕೊನೆಗೆ ಎಲ್ಲ ಬಾರ್ಡರ್ ಹೊಲಿದರೆ ಅಷ್ಟರಲ್ಲಿ ಬಟ್ಟೆ ಸರಿದು ಬಾರ್ಡರ್ ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ ಬೀಳುತ್ತದೆ. ಬಣ್ಣ ಬದಲಿಸುವ ಹೊತ್ತು ಹೆಚ್ಚುತ್ತದೆ, ಹೆಚ್ಚಲಿ. ಅಕ್ಷರಗಳ ಕ್ರಮವೂ ನಡುವಿನಿಂದ ಶುರುವಾಗಿ ಎರಡೂ ಬದಿಗೆ ಹೋಗಬೇಕು. ಎಡದಿಂದ ಬಲಕ್ಕೆ ಹೊಲಿಯುತ್ತ ಹೋದರೆ ಸಡಿಲವಿರುವ ಬಟ್ಟೆಯನ್ನೆಲ್ಲ ತಳ್ಳಿಕೊಂಡು ಕೊನೆಯ ಅಕ್ಷರದ ಕೆಳಗೆ ಗುಡ್ಡೆ ಹಾಕಿದಂತಾಗುತ್ತದೆ. ಕನ್ನಡದಂಥ ದುಂಡು ಲಿಪಿಯಾದರೆ ತಿರುವುಗಳ ಒಳ ಅಂಚಿನಲ್ಲಿ ಹೊಲಿಗೆಗಳು ಒತ್ತೊತ್ತಾಗಿ ಸೇರುತ್ತವೆ. ಅಲ್ಲಿ ಕೆಲವು ಹೊಲಿಗೆಗಳನ್ನು ಅಂಚಿನ ತನಕ ಬಿಡದೆ ಮೊಟಕು ಮಾಡುವ ಸೌಲಭ್ಯ ಬಹುತೇಕ ಪಂಚಿಂಗ್ ಸಾಫ್ಟ್‌ವೇರ್‌ನಲ್ಲೂ ಇರುತ್ತದೆ, ಪಂಚ್ ಮಾಡುವವರಿಗೆ ಹೇಳಿ ಹಾಕಿಸಿ.

ಬಟ್ಟೆ ಮುದುಡುವುದು

ದಪ್ಪ ಬಟ್ಟೆ ತಾನೇ ಗಟ್ಟಿ, ಬ್ಯಾಕಿಂಗ್ ಏಕೆ ಎಂದು ಎಷ್ಟೋ ಜನ ಕೇಳುತ್ತಾರೆ. ಕೆಲವರು ಹರಿದು ತೆಗೆಯುವ ಪೇಪರ್ ಹಾಕಿ ಮುಗಿಸುತ್ತಾರೆ. ಹೊಲಿಯುವ ಹೊತ್ತಿಗೆ ಅದು ಸಾಕಾಗುತ್ತದೆ, ಬಾಳಿಕೆಗೆ ಸಾಲದು. ಸೂಜಿ ಹತ್ತಾರು ಸಾವಿರ ಸಲ ಚುಚ್ಚಿದ ಪೇಪರ್ ಆಗಲೇ ಚೂರಾಗಿರುತ್ತದೆ, ಉಳಿದದ್ದು ಒಗೆತದಲ್ಲಿ ಬಿಡಿಬಿಡಿಯಾಗುತ್ತದೆ. ಆಮೇಲೆ ಅಷ್ಟು ದಾರದ ಎಳೆತವನ್ನು ಬಟ್ಟೆಯೊಂದೇ ತಡೆಯಬೇಕು. ನಿಮ್ಮ ಅಕ್ಷರಗಳಿಗೆ ಕತ್ತರಿಸಿ ಬಿಡುವ ಕಟ್‌ಅವೇ ಬ್ಯಾಕಿಂಗ್ ಬೇಕು, ಚದರ ಮೀಟರಿಗೆ 85 ಗ್ರಾಂ ಆಸುಪಾಸಿನದು. ಅದು ಜಾಕೆಟ್ ಇರುವ ತನಕ ಒಳಗೇ ಇರುತ್ತದೆ. ಹೊಲಿಗೆ ಮುಗಿದ ಮೇಲೆ ಅಕ್ಷರದಿಂದ 1 ಸೆಂ.ಮೀ. ಬಿಟ್ಟು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಹೊಲಿಗೆಯ ಬುಡಕ್ಕೇ ಕತ್ತರಿ ಹಾಕಬೇಡಿ.

ಆದರೆ ನಾಲ್ಕೈದು ಒಗೆತದ ನಂತರ ಕಾಣಿಸಿದ ಮುದುಡಿಗೆ ಮುಖ್ಯ ಕಾರಣ ಬೇರೆ ಎಂದು ನನಗನ್ನಿಸುತ್ತದೆ. ಹತ್ತಿಯ ಕ್ಯಾನ್ವಾಸ್ ಮೊದಲ ಒಗೆತಗಳಲ್ಲಿ ಕುಗ್ಗುತ್ತದೆ. ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಕ್ಯಾನ್ವಾಸ್ ಶೇಕಡಾ 3ರಷ್ಟು ಕುಗ್ಗಿತು ಎಂದಿಟ್ಟುಕೊಳ್ಳಿ. 30 ಸೆಂ.ಮೀ. ಉದ್ದದ ಅಕ್ಷರದ ಸಾಲಿನಲ್ಲಿ ಅದು 9 ಮಿ.ಮೀ. ಅಷ್ಟು ವ್ಯತ್ಯಾಸ ಎಲ್ಲಾದರೂ ಉಬ್ಬಿಕೊಳ್ಳಲೇಬೇಕು. ಯಾವ ಬ್ಯಾಕಿಂಗ್‌ನಿಂದಲೂ, ದಾರದ ಯಾವ ಟೆನ್ಷನ್‌ನಿಂದಲೂ ಇದನ್ನು ತಡೆಯಲಾಗದು. ಕಸೂತಿಗೆ ಮೊದಲೇ ಜಾಕೆಟ್‌ಗಳನ್ನು ಒಗೆದು, ಮುಂದೆ ಅವರು ಒಣಗಿಸುವ ರೀತಿಯಲ್ಲೇ ಒಣಗಿಸುವುದೊಂದೇ ದಾರಿ. ಡ್ರೈಯರ್ ಬಳಸುವವರಾದರೆ ಡ್ರೈಯರ್‌ನಲ್ಲಿಯೇ. ಕುಗ್ಗದಂತೆ ಸಂಸ್ಕರಿಸಿದ ಬಟ್ಟೆ ಎಂದು ಲೇಬಲ್‌ನಲ್ಲಿ ಇದ್ದರೂ ಒಂದು ಜಾಕೆಟ್‌ನ ಬೆನ್ನಿನ ಮೇಲೆ 30 ಸೆಂ.ಮೀ. ಗುರುತು ಹಾಕಿ ಒಗೆದು ಅಳೆದು ನೋಡಿ. ಅರ್ಧ ದಿನದ ಕೆಲಸ, ಇಡೀ ಆರ್ಡರ್ ಉಳಿಯುತ್ತದೆ.

ಲೈನಿಂಗ್ ವಿಷಯ. ಹೊರಬಟ್ಟೆ, ಹತ್ತಿಯ ಪದರ, ಒಳಬಟ್ಟೆ ಎಲ್ಲವನ್ನೂ ಸೇರಿಸಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿಗೆ, ಅಂದರೆ ಹೂಪ್‌ಗೆ ಹಾಕಿದರೆ ಅವು ಒಂದರ ಮೇಲೊಂದು ಜಾರುತ್ತವೆ. ಅಕ್ಷರ ಹತ್ತಿಯೊಳಗೆ ಹೂತುಹೋಗುತ್ತದೆ, ಒಳಗಡೆ ಕೆಳಗಿನ ಬಾಬಿನ್ ದಾರ ಎದ್ದು ಕಾಣುತ್ತದೆ, ಅಕ್ಷರವಿರುವಲ್ಲಿ ಹತ್ತಿ ಅಮುಕಿ ಬೆಚ್ಚಗಿಡುವ ಗುಣವೂ ಹೋಗುತ್ತದೆ. ಲೈನಿಂಗ್‌ನ ಕೆಳಗಿನ ಹೊಲಿಗೆಯನ್ನು ಎರಡು ಗೇಣಿನಷ್ಟು ಬಿಚ್ಚಿ, ಹೊರಬಟ್ಟೆಯನ್ನಷ್ಟೇ ಹೂಪ್‌ಗೆ ಹಾಕಿ ಹೊಲಿದು, ಮತ್ತೆ ಮುಚ್ಚುವುದು ಸರಿಯಾದ ಕ್ರಮ. ಜಾಕೆಟ್‌ಗೆ ಹತ್ತಿಪ್ಪತ್ತು ನಿಮಿಷ ಹೆಚ್ಚು ಬೇಕು. ಆ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ, ಆಮೇಲೆ ಕೇಳುವುದು ಕಷ್ಟ. ಹೂಪ್‌ನ ಅಂಚು ದಪ್ಪ ಹೊಲಿಗೆಯ ಮೇಲಾಗಲಿ, ಭುಜದ ಪಟ್ಟಿಯ ಮೇಲಾಗಲಿ ಕೂರದಂತೆ ಅಕ್ಷರಗಳ ಜಾಗ ಆರಿಸಿ, ಇಲ್ಲವಾದರೆ ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ದಪ್ಪ ಬಟ್ಟೆಯನ್ನು ಸಮನಾಗಿ ಹಿಡಿಯುವುದರಲ್ಲಿ ಮ್ಯಾಗ್ನೆಟಿಕ್ ಹೂಪ್‌ಗೆ ಸಾಟಿ ಇಲ್ಲ. ದುಡ್ಡು ಹಾಕಬೇಕೆಂದಿದ್ದರೆ ಹೊಸ ಮೆಷಿನ್‌ಗಿಂತ ಮೊದಲು ಅದಕ್ಕೆ ಹಾಕಿ. ತೋಳುಗಳು ಕೆಳಗೆ ಜೋತುಬಿದ್ದು ಫ್ರೇಮನ್ನು ಎಳೆಯದಂತೆ ಮೇಜಿನ ಆಸರೆ ಕೊಡಲೇಬೇಕು. ಹೊಲಿಯುತ್ತ ಹೋದಂತೆ ಅಕ್ಷರದ ಸಾಲು ಓರೆಯಾಗುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಭಾರವನ್ನು.

ದಾರ, ಸೂಜಿ, ವೇಗ

ಇವನ್ನು ಬೇಗ ಮುಗಿಸುತ್ತೇನೆ. 40 ನಂಬರಿನ ಪಾಲಿಯೆಸ್ಟರ್ ಎಂಬ್ರಾಯ್ಡರಿ ದಾರ ಬಳಸುತ್ತಿದ್ದರೆ ಅದನ್ನೇ ಮುಂದುವರಿಸಿ. ರೇಯಾನ್ ಆಗಿದ್ದರೆ ಬದಲಿಸಿ. ಅದು ನೆಂದಾಗ ಬಲ ಕಳೆದುಕೊಳ್ಳುತ್ತದೆ, ಕ್ಲೋರಿನ್ ಬ್ಲೀಚ್‌ಗೆ ತಡೆಯುವುದಿಲ್ಲ. ಕೈಗಾರಿಕಾ ಲಾಂಡ್ರಿಯಲ್ಲಿ ನೀರಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಬಾಬಿನ್ ದಾರವೂ ಪಾಲಿಯೆಸ್ಟರೇ ಆಗಿರಲಿ. ಮೇಲಿನ ದಾರ ಎಷ್ಟೇ ಒಳ್ಳೆಯದಿದ್ದರೂ ಕೆಳಗಿನದು ಸವೆದರೆ ಹೊಲಿಗೆ ಕಳಚುತ್ತದೆ. ದೊಡ್ಡ ಅಕ್ಷರಕ್ಕೆ 30 ನಂಬರಿನ ದಪ್ಪ ದಾರವೂ ಒಳ್ಳೆಯ ಆಯ್ಕೆ: ಅಂತರವನ್ನು 0.5 ಮಿ.ಮೀ.ಗೆ ಹೆಚ್ಚಿಸಬಹುದು, ಬಟ್ಟೆಗೆ ಬೀಳುವ ಚುಚ್ಚು ಕಡಿಮೆಯಾಗುತ್ತದೆ. ಫೈಲನ್ನು ಅದಕ್ಕೆ ತಕ್ಕಂತೆ ಮಾಡಿಸಿರಬೇಕು ಅಷ್ಟೆ. ಸೂಜಿ ಚೂಪು ಮೊನೆಯದಿರಲಿ, ದಪ್ಪ ಕ್ಯಾನ್ವಾಸ್‌ಗೆ 90/14, ಹಗುರವಾದದ್ದಕ್ಕೆ 80/12. ಹೆಣೆದ ಬಟ್ಟೆಗೆಂದು ಇರುವ ದುಂಡು ಮೊನೆಯ ಸೂಜಿ ಇಲ್ಲಿ ಬೇಡ. ವೇಗ ನಿಮಿಷಕ್ಕೆ 600ರಿಂದ 700 ಹೊಲಿಗೆ ಮೀರದಿರಲಿ. ಹಿಂಬದಿ ತಿರುಗಿಸಿ ನೋಡಿದಾಗ ಸ್ಯಾಟಿನ್ ಗೆರೆಯ ನಡುವಿನ ಮೂರನೇ ಒಂದು ಭಾಗದಲ್ಲಿ ಬಾಬಿನ್ ದಾರ ಕಂಡರೆ ಟೆನ್ಷನ್ ಸರಿಯಾಗಿದೆ. ಹತ್ತು ಅಕ್ಷರದ ಇಂಥ ಒಂದು ಸಾಲು ಹದಿನೈದರಿಂದ ಮೂವತ್ತು ಸಾವಿರ ಹೊಲಿಗೆ ತಿನ್ನುತ್ತದೆ. 650ರ ವೇಗದಲ್ಲಿ 25 ಸಾವಿರ ಹೊಲಿಗೆಗೆ ಸುಮಾರು 40 ನಿಮಿಷ. ಬೆಲೆ ಹೇಳುವಾಗ ಈ ಲೆಕ್ಕ ಕೈಯಲ್ಲಿರಲಿ.

ಅಪ್ಲಿಕ್ ಮಾಡಲೇ?

ಅಕ್ಷರ 7 ಸೆಂ.ಮೀ. ದಾಟಿದರೆ ನಾನೇ ಮುಂದಾಗಿ ಅಪ್ಲಿಕ್ ಸೂಚಿಸುತ್ತೇನೆ. ಪಾಲಿಯೆಸ್ಟರ್ ಟ್ವಿಲ್ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ, ಜಾಕೆಟ್ ಮೇಲೆ ಮೊದಲು ಜಾಗ ತೋರಿಸುವ ಗೆರೆ ಹೊಲಿದು, ಅಕ್ಷರ ಕೂರಿಸಿ, ಹಿಡಿದಿಡುವ ಹೊಲಿಗೆ ಹಾಕಿ, ಸುತ್ತ 3ರಿಂದ 4 ಮಿ.ಮೀ. ಅಗಲದ ಸ್ಯಾಟಿನ್ ಓಡಿಸುವುದು. ಇಡೀ ಮೈಗೆ ಬೀಳುತ್ತಿದ್ದ ಹೊಲಿಗೆ ಅಂಚಿಗಷ್ಟೇ ಬೀಳುತ್ತದೆ, ಹೊತ್ತು ಉಳಿಯುತ್ತದೆ, ಬೆನ್ನಿಗೆ ಹಲಗೆ ಕಟ್ಟಿದಂತೆ ಆಗುವುದಿಲ್ಲ. ಬಗ್ಗಿ ಏಳುವ ಕೆಲಸದವರಿಗೆ ಈ ಮೆದುತನ ದೊಡ್ಡದು. ಲೇಸರ್‌ನಲ್ಲಿ ಕತ್ತರಿಸಿದರೆ ಪಾಲಿಯೆಸ್ಟರ್ ಅಂಚು ಕರಗಿ ಮುಚ್ಚಿಕೊಳ್ಳುವುದರಿಂದ ಎಳೆ ಬಿಚ್ಚುವುದಿಲ್ಲ. ಹತ್ತಿಯ ಟ್ವಿಲ್‌ಗೆ ಈ ಅನುಕೂಲವಿಲ್ಲ. ಅಪಾಯ ಎರಡು. ಮೊದಲು ಸವೆಯುವುದು ಆ ಸ್ಯಾಟಿನ್ ಅಂಚು, ಒಂದು ಕಡೆ ಬಿಟ್ಟುಕೊಂಡರೆ ಅಕ್ಷರದ ಮೂಲೆ ಏಳುತ್ತದೆ. ಇನ್ನೊಂದು, ಕ್ಯಾನ್ವಾಸ್ ಕುಗ್ಗಿ ಟ್ವಿಲ್ ಕುಗ್ಗದಿದ್ದರೆ ಅಕ್ಷರದ ನಡುವೆ ಗುಳ್ಳೆ ಏಳುತ್ತದೆ. ಹಾಗಾಗಿ ಮೊದಲೇ ಒಗೆಯುವುದು ಇಲ್ಲಿಯೂ ತಪ್ಪದು.

ಮೂರನೆಯ ದಾರಿ, ಬೇರೆ ಟ್ವಿಲ್ ತುಂಡಿನ ಮೇಲೆ ಹೆಸರನ್ನು ಕಸೂತಿ ಮಾಡಿ ಆ ಪಟ್ಟಿಯನ್ನು ಜಾಕೆಟ್‌ಗೆ ಹೊಲಿಯುವುದು. ತಪ್ಪಾದರೆ ಹಾಳಾಗುವುದು ಪಟ್ಟಿ ಮಾತ್ರ, ಜಾಕೆಟ್ ಅಲ್ಲ. ಸಿಬ್ಬಂದಿ ಬದಲಾದಾಗ ಬಿಚ್ಚಬಹುದು. ನೋಟಕ್ಕೆ ಅಂಟಿಸಿದಂತಿರುತ್ತದೆ, ಕೆಲವು ಗ್ರಾಹಕರಿಗೆ ಅದು ಹಿಡಿಸುವುದಿಲ್ಲ. ಬಿಸಿ ಒತ್ತಿ ಅಂಟಿಸುವ ಅಕ್ಷರಗಳನ್ನು ಉಜ್ಜಾಟ ಹೆಚ್ಚಿರುವ ಕ್ಯಾನ್ವಾಸ್‌ಗೆ ನಾನು ಸೂಚಿಸುವುದಿಲ್ಲ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಈ ಜಾಕೆಟ್‌ಗಳು ಬೆಂಕಿಯಿಂದ ರಕ್ಷಿಸುವ ಬಟ್ಟೆಯವೇ ಎಂದು ಗ್ರಾಹಕರನ್ನು ಕೇಳಿ. ಹೌದಾದರೆ ಪಾಲಿಯೆಸ್ಟರ್ ದಾರ ಮುಟ್ಟಲೇಬಾರದು. ಅದು 250 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕರಗಿ ಮೈಗೆ ಅಂಟುತ್ತದೆ. ಅಲ್ಲಿಗೆ ಕರಗದ ಅರಾಮಿಡ್ ದಾರವೇ ಬೇಕು, ಬ್ಯಾಕಿಂಗ್ ಕೂಡ ಬೆಂಕಿ ತಡೆಯುವಂಥದ್ದೇ ಇರಬೇಕು, ಎಷ್ಟು ದೊಡ್ಡ ಅಕ್ಷರಕ್ಕೆ ಅವಕಾಶವಿದೆ ಎಂಬುದನ್ನು ಜಾಕೆಟ್ ತಯಾರಕರಿಂದ ಬರಹದಲ್ಲಿ ಪಡೆಯಬೇಕು. ದೂರಕ್ಕೆ ಎದ್ದು ಕಾಣುವ ಹೊಳಪು ಬಣ್ಣದ ಜಾಕೆಟ್‌ಗಳಿಗೂ ನಿಯಮವಿದೆ. ಐಎಸ್‌ಒ 20471 ಪ್ರಕಾರ 2ನೇ ದರ್ಜೆಯ ಉಡುಪಿನಲ್ಲಿ ಕನಿಷ್ಠ 0.50 ಚದರ ಮೀಟರ್ ಹೊಳಪು ಬಟ್ಟೆ, 0.13 ಚದರ ಮೀಟರ್ ಪ್ರತಿಫಲಿಸುವ ಪಟ್ಟಿ ಇರಬೇಕು. 3ನೇ ದರ್ಜೆಗೆ 0.80 ಮತ್ತು 0.20. ದೊಡ್ಡ ಅಕ್ಷರ ಮುಚ್ಚಿದಷ್ಟು ಜಾಗ ಆ ಲೆಕ್ಕದಿಂದ ಕಳೆಯುತ್ತದೆ. ಪ್ರತಿಫಲಿಸುವ ಪಟ್ಟಿಯ ಮೇಲೆ ಸೂಜಿ ಹಾಯಿಸಲೇಬೇಡಿ. ನೀರು ತಡೆಯುವ ಜಾಕೆಟ್ ಆದರೆ ಪ್ರತಿ ಚುಚ್ಚೂ ಒಂದು ಸೋರುವ ತೂತು, ಹಿಂಬದಿಯಿಂದ ಬಿಸಿ ಒತ್ತುವ ಸೀಲಿಂಗ್ ಟೇಪ್ ಬೇಕಾಗುತ್ತದೆ.

ಉಳಿದ 28ಕ್ಕೆ ಕೈ ಹಾಕುವ ಮುನ್ನ ಒಂದು ಜಾಕೆಟ್‌ನಲ್ಲಿ ಎರಡು ಅಕ್ಷರ ಮಾತ್ರ ಹೊಸ ಫೈಲ್‌ನಲ್ಲಿ ಹೊಲಿದು, ಐದು ಸಲ ಒಗೆದು ಒಣಗಿಸಿ ನೋಡಿ. ಒಂದು ದುಂಡು ತಿರುವಿನದು, ಒಂದು ನೇರ ಗೆರೆಯದು ಆರಿಸಿಕೊಳ್ಳಿ. ಗ್ರಾಹಕರಿಗೆ ತೋರಿಸುವ ಮಾದರಿಯೂ ಒಗೆದದ್ದೇ ಆಗಿರಲಿ.

ಮುಗಿದ 12ರಲ್ಲಿ ಕುಣಿಕೆ ಎದ್ದವುಗಳನ್ನು ಉಳಿಸಬಹುದು. ಕುಣಿಕೆಯನ್ನು ಕತ್ತರಿಸಬೇಡಿ, ಸಣ್ಣ ಕ್ರೋಶ ಕಡ್ಡಿಯಿಂದ ಹಿಂಬದಿಗೆ ಎಳೆದುಕೊಳ್ಳಿ. ಆಮೇಲೆ ಪ್ರತಿ ಗೆರೆಯ ನಡುಮಧ್ಯೆ 3 ಮಿ.ಮೀ. ಉದ್ದದ ರನ್ನಿಂಗ್ ಹೊಲಿಗೆ ಓಡುವ ಒಂದು ಪುಟ್ಟ ಫೈಲ್ ಮಾಡಿಸಿ, ಜಾಕೆಟನ್ನು ಮತ್ತೆ ಹೂಪ್‌ಗೆ ಹಾಕಿ ಅದೇ ಬಣ್ಣದ ದಾರದಲ್ಲಿ ಹೊಲಿಯಿರಿ. 12 ಮಿ.ಮೀ.ನ ನೆಗೆತ ಆರಾರು ಮಿ.ಮೀ.ನ ಎರಡಾಗುತ್ತದೆ. ಶುರುವಿಗೆ ಮೊದಲು ಸಾಲಿನ ಎರಡೂ ತುದಿಯ ಅಕ್ಷರದ ಮೇಲೆ ಸೂಜಿಯನ್ನು ಕೈಯಿಂದ ಇಳಿಸಿ ಜಾಗ ಹೊಂದುತ್ತದೆಯೇ ನೋಡಿಕೊಳ್ಳಿ. ನಡುವೆ ಸಣ್ಣ ಗೆರೆ ಕಾಣುತ್ತದೆ, ಅದನ್ನು ಗ್ರಾಹಕರಿಗೆ ಮೊದಲೇ ಹೇಳಿ. ತುಂಬ ಮುದುಡಿದವನ್ನು ಇಸ್ತ್ರಿಯಿಂದ ಸರಿಪಡಿಸಲಾಗದು. ಹಿಂಬದಿಯಿಂದ ಬಾಬಿನ್ ದಾರವನ್ನು ಕತ್ತರಿಸುತ್ತ ಹೊಲಿಗೆ ಬಿಚ್ಚಿ, ಒಗೆದು, ಹಬೆ ಕೊಟ್ಟು, ತೂತುಗಳು ಮುಚ್ಚುವಷ್ಟು ಅಗಲದ ಪಟ್ಟಿ ಹೊಲಿಯಬೇಕು. ಹರಿದ ಒಂದಕ್ಕೂ ಅದೇ ಪಟ್ಟಿ, ಹಿಂದೆ ಮೊದಲು ಒಂದು ಗಟ್ಟಿ ಕ್ಯಾನ್ವಾಸ್ ತುಂಡು ಕೊಟ್ಟು.